ಮದುವೆಯಾಗಿ ಅಮೆರಿಕಕ್ಕೆ ಬಂದವರು ಸಿಟಿಜನ್‌ಶಿಪ್‌ಗೆ ಯಾವಾಗ ಅರ್ಜಿ ಹಾಕಬಹುದು? ಹಂತ ಹಂತದ ಲೆಕ್ಕ

ಕನ್ನಡ ಕೂಟದ ಯುಗಾದಿ ಊಟಕ್ಕೆ ಸಾಲಿನಲ್ಲಿ ನಿಂತಾಗ ನನ್ನನ್ನು ಯಾರಾದರೊಬ್ಬರು ಕೇಳೇ ಕೇಳುತ್ತಾರೆ: "ಮದುವೆಯಾಗಿ ಮೂರು ವರ್ಷ ಆಯ್ತು, ನಮ್ಮನೆಯವರು ಸಿಟಿಜನ್. ಇನ್ನು ನಾನು ಅಪ್ಲೈ ಮಾಡಬಹುದಲ್ವಾ?" ಕೈಯಲ್ಲಿ ತಟ್ಟೆ, ಹಿಂದೆ ಉದ್ದ ಸಾಲು. ಅಲ್ಲಿ ನಿಂತು ಇಡೀ ಕಾನೂನು ಹೇಳೋಕೆ ಆಗಲ್ಲ. ಹಾಗಾಗಿ ನಾನು ಒಂದೇ ಮಾತು ಕೇಳುತ್ತೇನೆ: "ನಿಮ್ಮ ಗ್ರೀನ್ ಕಾರ್ಡ್ ಮೇಲೆ ಯಾವ ತಾರೀಖಿದೆ?" ಮದುವೆ ತಾರೀಖು ಎಲ್ಲರಿಗೂ ಬಾಯಲ್ಲೇ ಇರುತ್ತದೆ. ಕಾರ್ಡಿನ ತಾರೀಖು ಹೇಳಲು ಪರ್ಸ್ ತೆಗೆಯಬೇಕು.

ಮದುವೆ ದಿನದಿಂದ ಮೂರು ವರ್ಷ ಎಣಿಸುವುದು ತಪ್ಪು ಲೆಕ್ಕ. ಇಲ್ಲಿ ಒಂದಲ್ಲ, ಮೂರು ಲೆಕ್ಕಗಳು ಒಟ್ಟಿಗೆ ನಡೆಯುತ್ತವೆ. ಅವುಗಳಲ್ಲಿ ಕೊನೆಗೆ ಮುಗಿಯುವುದು ಯಾವುದೋ ಅದೇ ನಿಮ್ಮ ದಿನ. ಸಾಲಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ.

ನಾನು ವಕೀಲಳಲ್ಲ. ಮದುವೆಯಾಗಿ ಮೈಸೂರಿನಿಂದ ನ್ಯೂಜೆರ್ಸಿಗೆ ಬಂದು, ಇದೇ ದಾರಿಯಲ್ಲಿ ಸಿಟಿಜನ್ ಆದವಳು. ಬರೆಯುವ ಅನುಕೂಲಕ್ಕೆ "ಹೆಂಡತಿ ಬಂದವಳು, ಗಂಡ ಸಿಟಿಜನ್" ಅಂತ ಹೇಳುತ್ತಾ ಹೋಗುತ್ತೇನೆ. ಗಂಡ ಬಂದವನಾಗಿ ಹೆಂಡತಿ ಸಿಟಿಜನ್ ಆಗಿದ್ದರೂ ನಿಯಮ ಅದೇ.

ಹಂತ 1: ನೀವು ಮೂರು ವರ್ಷದವರಾ, ಐದು ವರ್ಷದವರಾ?

ಗ್ರೀನ್ ಕಾರ್ಡ್ ಇರುವ ಯಾರಿಗಾದರೂ ಸಾಮಾನ್ಯ ನಿಯಮ ಐದು ವರ್ಷ. ಅಮೆರಿಕದ ಸಿಟಿಜನ್ ಜೊತೆ ಸಂಸಾರ ಮಾಡುತ್ತಿರುವವರಿಗೆ ಮಾತ್ರ ಮೂರು ವರ್ಷದ ರಿಯಾಯಿತಿ. ಇದು ರಿಯಾಯಿತಿ ಅಷ್ಟೇ, ಕಡ್ಡಾಯವಲ್ಲ. ಬೇಡ ಅನ್ನಿಸಿದರೆ ಐದು ವರ್ಷಕ್ಕೇ ಹಾಕಬಹುದು. ಹಾಗೆ ಮಾಡುವುದೇ ಜಾಣತನ ಆಗುವ ಸಂದರ್ಭಗಳೂ ಇವೆ, ಮುಂದೆ ಹೇಳುತ್ತೇನೆ.

ನಮ್ಮವರಲ್ಲಿ ಗೊಂದಲ ಶುರುವಾಗುವುದು ಇಲ್ಲೇ. ಎಚ್-1ಬಿ ಕೆಲಸದ ವೀಸಾ ಮೇಲೆ ಬಂದು, ವರ್ಷಗಟ್ಟಲೆ ಕಾದು, ಕಂಪನಿ ಮೂಲಕ ಗ್ರೀನ್ ಕಾರ್ಡ್ ಪಡೆದ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕಾರ್ಡ್ ಹೆಚ್ಚು ಕಡಿಮೆ ಒಟ್ಟಿಗೇ ಬರುತ್ತದೆ. ಅಲ್ಲಿ ಗಂಡ ಇನ್ನೂ ಸಿಟಿಜನ್ ಆಗಿರುವುದಿಲ್ಲ. ಅವನಿಗೆ ಐದು ವರ್ಷ ಆದಾಗ ನಿಮಗೂ ಐದು ವರ್ಷ ಆಗಿರುತ್ತದೆ. ಮೂರು ವರ್ಷದ ನಿಯಮ ನಿಮಗೆ ಸಂಬಂಧವೇ ಇಲ್ಲ. ಇಬ್ಬರೂ ಒಂದೇ ವಾರ ಅರ್ಜಿ ಹಾಕಿ.

ಮೂರು ವರ್ಷದ ನಿಯಮ ನಿಜವಾಗಿ ಉಪಯೋಗಕ್ಕೆ ಬರುವುದು ಗಂಡ ಮೊದಲೇ ಸಿಟಿಜನ್ ಆಗಿದ್ದು, ಆಮೇಲೆ ನಿಮ್ಮನ್ನು ಕರೆಸಿಕೊಂಡಾಗ. ಇಲ್ಲೇ ಹುಟ್ಟಿ ಬೆಳೆದ ಹುಡುಗ ಶಿವಮೊಗ್ಗದಲ್ಲಿ ಮದುವೆಯಾಗಿ ಹೋದ, ಹೆಂಡತಿಯನ್ನು ಕರೆಸಿಕೊಳ್ಳುವ ಐ-130 ಅರ್ಜಿ ಹಾಕಿದ, ಹುಡುಗಿ ಮುಂಬೈ ಕಾನ್ಸುಲೇಟ್‌ನಲ್ಲಿ ಇಂಟರ್ವ್ಯೂ ಮುಗಿಸಿ ವಿಮಾನ ಹತ್ತಿದಳು. ಇಂಥ ಕಥೆಗಳಿಗೆ ಈ ನಿಯಮ.

ಹಂತ 2: ಮೂರು ಲೆಕ್ಕ ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಮೂರು ತಾರೀಖು ಬರೆಯಿರಿ.

ಮೊದಲನೆಯದು ಕಾರ್ಡಿನ ತಾರೀಖು. ಕಾರ್ಡಿನ ಮುಂಭಾಗದಲ್ಲಿ "ರೆಸಿಡೆಂಟ್ ಸಿನ್ಸ್" ಅಂತ ಇರುತ್ತದೆ. ಇಮಿಗ್ರೆಂಟ್ ವೀಸಾದಲ್ಲಿ ಬಂದವರಿಗೆ ಅದು ಅಮೆರಿಕದಲ್ಲಿ ಇಳಿದ ದಿನ. ಇಲ್ಲಿದ್ದುಕೊಂಡೇ ಗ್ರೀನ್ ಕಾರ್ಡ್‌ಗೆ ಬದಲಾಯಿಸಿಕೊಂಡವರಿಗೆ ಅದು ಮಂಜೂರಾದ ದಿನ. ವೀಸಾ ಅಂಟಿಸಿದ ದಿನವಲ್ಲ, ಕಾರ್ಡ್ ಅಂಚೆಯಲ್ಲಿ ಬಂದ ದಿನವೂ ಅಲ್ಲ. ಎಚ್-4 (ಎಚ್-1ಬಿಯವರ ಸಂಗಾತಿಯ ವೀಸಾ) ಅಥವಾ ಎಫ್-1 (ವಿದ್ಯಾರ್ಥಿ ವೀಸಾ) ಮೇಲೆ ಇಲ್ಲಿದ್ದ ವರ್ಷಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಎರಡು ವರ್ಷದ ಕಂಡಿಷನಲ್ ಕಾರ್ಡ್ (ಹಂತ 5 ನೋಡಿ) ಸಿಕ್ಕಿದ್ದರೆ ಆ ಎರಡು ವರ್ಷ ಪೂರ್ತಿ ಲೆಕ್ಕಕ್ಕೆ ಸೇರುತ್ತದೆ.

ಎರಡನೆಯದು ಒಟ್ಟಿಗೆ ಸಂಸಾರ ಶುರುವಾದ ತಾರೀಖು. ಅರ್ಜಿ ಹಾಕುವ ದಿನಕ್ಕೆ ಹಿಂದಿನ ಮೂರು ವರ್ಷ, ಅದೇ ಸಿಟಿಜನ್ ಗಂಡನ ಜೊತೆ, ಮದುವೆಯಾಗಿ, ಒಂದೇ ಮನೆಯಲ್ಲಿ ಬದುಕಿರಬೇಕು. ಮದುವೆ ಸರ್ಟಿಫಿಕೇಟ್ ಒಂದೇ ಸಾಲದು. ಮದುವೆಯಾಗಿ ಒಂದೂವರೆ ವರ್ಷ ವೀಸಾಕ್ಕಾಗಿ ನೀವು ತವರಿನಲ್ಲಿ, ಅವರು ಇಲ್ಲಿ ಅಂತ ಇದ್ದಿದ್ದರೆ, ಆ ಒಂದೂವರೆ ವರ್ಷವನ್ನು ನೆಚ್ಚಿಕೊಂಡು ಲೆಕ್ಕ ಹಾಕಬೇಡಿ.

ಮೂರನೆಯದು ಗಂಡ ಸಿಟಿಜನ್ ಆದ ತಾರೀಖು. ಹುಟ್ಟಿನಿಂದ ಸಿಟಿಜನ್ ಆಗಿದ್ದರೆ ಚಿಂತೆ ಇಲ್ಲ. ನಾಚುರಲೈಸ್ ಆಗಿದ್ದರೆ, ಅಂದರೆ ಆಮೇಲೆ ಅರ್ಜಿ ಹಾಕಿ ಸಿಟಿಜನ್ ಆಗಿದ್ದರೆ, ಅವರ ಸರ್ಟಿಫಿಕೇಟ್ ತೆಗೆದು ನೋಡಿ. ಆ ದಿನದಿಂದ ಮೂರು ವರ್ಷ ಆಗಿರಬೇಕು. ಬಹಳ ಜನ ಮರೆಯುವುದು ಇದನ್ನೇ.

ಈಗ ಒಂದು ಉದಾಹರಣೆ. ಒಬ್ಬಾಕೆಗೆ ತನ್ನದೇ ಕೆಲಸದ ಮೇಲೆ 2021ರ ನವೆಂಬರ್ 3ರಂದು ಗ್ರೀನ್ ಕಾರ್ಡ್ ಆಯಿತು ಅಂದುಕೊಳ್ಳಿ. 2022ರ ಮೇನಲ್ಲಿ ಮದುವೆ, ಅಂದಿನಿಂದ ಒಟ್ಟಿಗೆ ಇದ್ದಾರೆ. ಗಂಡ ಸಿಟಿಜನ್ ಆಗಿದ್ದು 2023ರ ಆಗಸ್ಟ್ 20ರಂದು. ಕಾರ್ಡಿನ ಲೆಕ್ಕ 2024ರ ನವೆಂಬರ್‌ಗೆ ಮುಗಿಯಿತು. ಸಂಸಾರದ ಲೆಕ್ಕ 2025ರ ಮೇಗೆ. ಗಂಡನ ಲೆಕ್ಕ ಮುಗಿಯುವುದು 2026ರ ಆಗಸ್ಟ್ 20ಕ್ಕೆ. ಹಾಗಾದರೆ ಆಗಸ್ಟ್ 20? ತಡೆಯಿರಿ. ಐದು ವರ್ಷದ ಸಾಮಾನ್ಯ ನಿಯಮದಲ್ಲಿ ಆಕೆಗೆ 2026ರ ನವೆಂಬರ್ 3ಕ್ಕೆ ಐದು ವರ್ಷ ತುಂಬುತ್ತದೆ. ಅದಕ್ಕೆ 90 ದಿನ ಮೊದಲೇ, ಅಂದರೆ ಆಗಸ್ಟ್ 5ಕ್ಕೇ ಅರ್ಜಿ ಹಾಕಬಹುದು. ಸಿಟಿಜನ್ ಗಂಡ ಇದ್ದೂ ಆಕೆಗೆ ಐದು ವರ್ಷದ ದಾರಿಯೇ ಹದಿನೈದು ದಿನ ಹತ್ತಿರ! ಮೇಲಾಗಿ ಆ ದಾರಿಯಲ್ಲಿ ಸಂಸಾರದ ಪುರಾವೆ ಕಟ್ಟಿಕೊಂಡು ಓಡಾಡಬೇಕಿಲ್ಲ. ಅದಕ್ಕೇ ಹೇಳಿದ್ದು, ಹಾಳೆ ಮೇಲೆ ಬರೆಯಿರಿ ಅಂತ.

ಹಂತ 3: 90 ದಿನದ ಸಲೀಸು, ಅದರೊಳಗಿನ ಸಿಕ್ಕು

ಮೂರು ಅಥವಾ ಐದು ವರ್ಷ ತುಂಬುವುದಕ್ಕೆ 90 ದಿನ ಮುಂಚೆಯೇ ಅರ್ಜಿ ಸಲ್ಲಿಸಲು ಅವಕಾಶ ಇದೆ. 90 ದಿನ ಅಂದರೆ ಮೂರು ತಿಂಗಳಲ್ಲ, ಎಣಿಸಿ 90 ದಿನ. ಕಾರ್ಡಿನಲ್ಲಿ 2023ರ ಜೂನ್ 15 ಇದ್ದರೆ ಮೂರು ವರ್ಷ 2026ರ ಜೂನ್ 15ಕ್ಕೆ ತುಂಬುತ್ತದೆ. 90 ದಿನ ಹಿಂದಕ್ಕೆ ಎಣಿಸಿದರೆ ಮಾರ್ಚ್ 17. ಮಾರ್ಚ್ 15ಕ್ಕೆ ಹಾಕಿದರೆ ಎರಡು ದಿನ ಬೇಗ ಆಯಿತು, ಅರ್ಜಿ ಬಿದ್ದುಹೋಗುತ್ತದೆ. ಈ ಅರ್ಜಿಗಳನ್ನು ನೋಡಿಕೊಳ್ಳುವ ಸರ್ಕಾರಿ ಇಲಾಖೆ ಯುಎಸ್‌ಸಿಐಎಸ್‌ನ ವೆಬ್‌ಸೈಟಿನಲ್ಲೇ ದಿನ ಎಣಿಸಿಕೊಡುವ ಕ್ಯಾಲ್ಕುಲೇಟರ್ ಇದೆ. ಅದು ಕೊಟ್ಟ ದಿನಕ್ಕೆ ಇನ್ನೊಂದು ವಾರ ಸೇರಿಸಿಕೊಳ್ಳಿ. ಒಂದು ವಾರದಲ್ಲಿ ಏನೂ ಮುಳುಗಿಹೋಗಲ್ಲ.

ಸಿಕ್ಕು ಎಲ್ಲಿದೆ ಅಂದರೆ, ಈ 90 ದಿನದ ವಿನಾಯಿತಿ ಕಾರ್ಡಿನ ಲೆಕ್ಕಕ್ಕೆ ಮಾತ್ರ. ಸಂಸಾರದ ಲೆಕ್ಕ, ಗಂಡನ ಸಿಟಿಜನ್‌ಶಿಪ್ ಲೆಕ್ಕ ಎರಡೂ ಅರ್ಜಿ ಹಾಕುವ ದಿನಕ್ಕೇ ಮೂರು ವರ್ಷ ಮುಗಿದಿರಬೇಕು. ಮದುವೆಯಾಗಿ ಇಲ್ಲೇ ಒಟ್ಟಿಗಿದ್ದು ಆಮೇಲೆ ಗ್ರೀನ್ ಕಾರ್ಡ್ ಪಡೆದವರಿಗೆ ತೊಂದರೆ ಇಲ್ಲ, ಅವರ ಸಂಸಾರದ ಲೆಕ್ಕ ಕಾರ್ಡಿಗಿಂತ ಮುಂದಿರುತ್ತದೆ. ಆದರೆ ಊರಿನಿಂದ ಬಂದು ಇಳಿದ ದಿನವೇ ಕಾರ್ಡ್, ಇಳಿದ ದಿನವೇ ಸಂಸಾರ ಅಂತಾದರೆ ಎರಡೂ ಲೆಕ್ಕ ಒಂದೇ ದಿನ ಮುಗಿಯುತ್ತವೆ. ಅಂಥವರು 90 ದಿನದ ಆಸೆ ಬಿಟ್ಟು ಮೂರು ವರ್ಷ ಪೂರ್ತಿ ಆದ ಮೇಲೆ ಹಾಕುವುದು ಕ್ಷೇಮ. ನಾನೂ ಹಾಗೇ ಮಾಡಿದೆ. ಮನೆಯಲ್ಲಿ "ಮೂರು ತಿಂಗಳು ಸುಮ್ನೆ ವೇಸ್ಟ್" ಅಂತ ಮಾತು ಬಂತು. ಅರ್ಜಿ ತಿರಸ್ಕಾರ ಆಗಿ ಕಟ್ಟಿದ ದುಡ್ಡು ಹೋಗುವುದಕ್ಕಿಂತ ಅದು ವಾಸಿ.

ಹಂತ 4: ಊರಿಗೆ ಹೋದ ದಿನಗಳನ್ನು ಎಣಿಸಿ

ನಮ್ಮ ಹೆಣ್ಣುಮಕ್ಕಳು ಎಡವುವುದು ಜಾಸ್ತಿ ಇಲ್ಲಿ. ಇಲ್ಲಿ ಎರಡು ಬೇರೆ ಬೇರೆ ನಿಯಮಗಳಿವೆ. ಒಂದನ್ನು ಇನ್ನೊಂದರ ಜೊತೆ ಕಲಸಬೇಡಿ.

ಒಂದು, ಒಟ್ಟು ದಿನ. ಮೂರು ವರ್ಷದವರು ಅರ್ಜಿಗೆ ಹಿಂದಿನ ಮೂರು ವರ್ಷದಲ್ಲಿ ಕನಿಷ್ಠ 18 ತಿಂಗಳು, ಅಂದರೆ 548 ದಿನ ಅಮೆರಿಕದ ನೆಲದ ಮೇಲೆ ಇದ್ದಿರಬೇಕು. ಐದು ವರ್ಷದವರಿಗೆ 30 ತಿಂಗಳು, 913 ದಿನ. ವಿಮಾನ ಹತ್ತಿದ ದಿನ, ಇಳಿದ ದಿನ ಎರಡೂ ಇಲ್ಲಿದ್ದ ದಿನಗಳೆಂದೇ ಲೆಕ್ಕ. ಇದು ಸಾಮಾನ್ಯವಾಗಿ ಯಾರಿಗೂ ಕಷ್ಟ ಆಗುವುದಿಲ್ಲ.

ಎರಡು, ಒಂದೊಂದು ಪ್ರಯಾಣ ಎಷ್ಟು ಉದ್ದ ಅನ್ನುವುದು. ಒಂದೇ ಸಲ ಆರು ತಿಂಗಳು ದಾಟಿ ಹೊರಗಿದ್ದರೆ, ನಿಮ್ಮ ವಾಸ ಮುರಿದಿದೆ ಅಂತ ಅಧಿಕಾರಿ ಅಂದುಕೊಳ್ಳಬಹುದು. ಇಲ್ಲ ಅಂತ ತೋರಿಸುವ ಹೊಣೆ ನಿಮ್ಮದು. ಒಂದು ವರ್ಷವೋ ಅದಕ್ಕಿಂತ ಜಾಸ್ತಿಯೋ ಹೊರಗಿದ್ದರೆ ವಾದವೇ ಇಲ್ಲ, ಮುರಿಯಿತು. ರೀ-ಎಂಟ್ರಿ ಪರ್ಮಿಟ್ (ಹೆಚ್ಚು ದಿನ ಹೊರಗಿದ್ದು ವಾಪಸ್ ಬರಲು ಮೊದಲೇ ಪಡೆಯುವ ಅನುಮತಿ) ಇದ್ದರೆ ಕಾರ್ಡ್ ಉಳಿಯುತ್ತದೆ, ಆದರೆ ಸಿಟಿಜನ್‌ಶಿಪ್ ಲೆಕ್ಕ ಉಳಿಯುವುದಿಲ್ಲ. ಮೂರು ವರ್ಷದವರು ಹೀಗೆ ವರ್ಷ ದಾಟಿ ವಾಪಸ್ ಬಂದರೆ, ಬಂದ ದಿನದಿಂದ ಎರಡು ವರ್ಷ ಒಂದು ದಿನ ಆದ ಮೇಲೆ ಮತ್ತೆ ಹಾಕಬಹುದು. ಆಗಲೂ ಹಿಂದಿನ ಮೂರು ವರ್ಷದೊಳಗೆ ಆ ಹಳೆ ಪ್ರಯಾಣದ ಆರು ತಿಂಗಳಿಗಿಂತ ಜಾಸ್ತಿ ಭಾಗ ಇಣುಕುತ್ತಿದ್ದರೆ ವಿವರಣೆ ಕೊಡಬೇಕಾಗುತ್ತದೆ.

ಈಗ ಬಾಣಂತನದ ಮಾತು. ನನ್ನ ಗೆಳತಿಯೊಬ್ಬಳು ಚೊಚ್ಚಲ ಹೆರಿಗೆಗೆ ದಾವಣಗೆರೆಗೆ ಹೋದಳು. ತೀರಾ ದಿನ ತುಂಬಿದವರನ್ನು ವಿಮಾನಕ್ಕೆ ಹತ್ತಿಸಲ್ಲ, ಹಾಗಾಗಿ ಆರು ತುಂಬಿದ ಕೂಡಲೇ ಹೊರಟಳು. ಸೀಮಂತ, ಹೆರಿಗೆ, ಮೂರು ತಿಂಗಳ ಬಾಣಂತನ, ಆಮೇಲೆ ಮಗುವಿನ ಪಾಸ್‌ಪೋರ್ಟ್. ಮಗುವಿನ ಪಾಸ್‌ಪೋರ್ಟ್ ತಡವಾಗಿದ್ದೇ ಮುಖ್ಯ ಕಾರಣ. ವಾಪಸ್ ಬರುವಷ್ಟರಲ್ಲಿ ಏಳು ತಿಂಗಳು ಹತ್ತು ದಿನ ಆಗಿತ್ತು. ಅವಳಮ್ಮ "ಇನ್ನೊಂದು ತಿಂಗಳು ಇದ್ದು ಹೋಗೇ, ಮಗು ಸ್ವಲ್ಪ ಗಟ್ಟಿಯಾಗಲಿ" ಅಂದಾಗ ಯಾರಿಗೂ ಈ 180 ದಿನದ ನೆನಪಿರಲಿಲ್ಲ. ನೆನಪಿದ್ದರೂ ಅಮ್ಮನ ಮುಂದೆ ಅದನ್ನು ಹೇಳುವ ಧೈರ್ಯ ಯಾರಿಗಿದೆ ಹೇಳಿ?

ಇಂಟರ್ವ್ಯೂನಲ್ಲಿ ಆ ಪ್ರಯಾಣದ ಬಗ್ಗೆಯೇ ಕೇಳಿದರು. ಅವಳು ತೋರಿಸಿದ್ದು ಇಷ್ಟು: ಇಲ್ಲಿನ ಮನೆ ಬಾಡಿಗೆ ಕರಾರು ಆ ಇಡೀ ಅವಧಿಗೆ ಇಬ್ಬರ ಹೆಸರಿನಲ್ಲೂ ಇತ್ತು, ಕೆಲಸದಿಂದ ರಜೆ ಕೊಟ್ಟ ಪತ್ರ ಇತ್ತು, ಆ ವರ್ಷದ ಟ್ಯಾಕ್ಸ್ ಇಲ್ಲಿನ ನಿವಾಸಿಯಾಗಿಯೇ ಗಂಡನ ಜೊತೆ ಸೇರಿ ಕಟ್ಟಿದ್ದಳು, ಊರಿನಲ್ಲಿ ಕೆಲಸಕ್ಕೆ ಸೇರಿರಲಿಲ್ಲ. ಜೊತೆಗೆ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ. ಇನ್ನೂ ಕೆಲವು ಕಾಗದ ಕೇಳಿ ಕಳಿಸಿದರು, ಆಮೇಲೆ ಆಯಿತು. ಆರು ತಿಂಗಳ ಗಡಿ ದಾಟಬೇಕಾದ ಪರಿಸ್ಥಿತಿ ಬಂದರೆ ಇಂಥ ಕಾಗದಗಳನ್ನು ಅಂದೇ ಕಟ್ಟಿಡಿ. ಆದರೆ ನನ್ನ ಸಲಹೆ ಕೇಳಿದರೆ, ಅಮ್ಮನನ್ನೇ ಇಲ್ಲಿಗೆ ಕರೆಸಿಕೊಳ್ಳಿ, ಇಲ್ಲವೇ ಐದೂವರೆ ತಿಂಗಳಿಗೆ ಟಿಕೆಟ್ ಮಾಡಿ. ಮಧ್ಯೆ ನಾಲ್ಕು ದಿನ ಬಂದು ಮುಖ ತೋರಿಸಿ ಮತ್ತೆ ಐದು ತಿಂಗಳು ಹೋಗುವ ಉಪಾಯವನ್ನು ಅಧಿಕಾರಿಗಳು ಬೇಕಾದಷ್ಟು ನೋಡಿರುತ್ತಾರೆ.

ಅರ್ಜಿಯಲ್ಲಿ ಪ್ರತಿ ಪ್ರಯಾಣದ ಹೋದ ದಿನ, ಬಂದ ದಿನ ಬರೆಯಬೇಕು. ಅಮೆರಿಕದ ವಿಮಾನ ನಿಲ್ದಾಣದಲ್ಲಿ ಈಗ ಎಲ್ಲ ಸಲ ಸ್ಟಾಂಪ್ ಬೀಳುವುದಿಲ್ಲ. ನಾನು ಕೆಂಪೇಗೌಡ ವಿಮಾನ ನಿಲ್ದಾಣದ ಸ್ಟಾಂಪುಗಳನ್ನೂ ಹಳೆ ಟಿಕೆಟ್ ಇಮೇಲ್‌ಗಳನ್ನೂ ಎದುರುಬದುರು ಇಟ್ಟುಕೊಂಡು ಪಟ್ಟಿ ಮಾಡಿದೆ. ಒಂದು ಸ್ಟಾಂಪಿನಲ್ಲಿ ತಾರೀಖೇ ಅಳಿಸಿತ್ತು. ಕೊನೆಗೆ ನೆರವಿಗೆ ಬಂದದ್ದು ಅಂದು ರಾತ್ರಿ ಏರ್‌ಪೋರ್ಟ್‌ನಲ್ಲಿ ತೆಗೆದ ಒಂದು ಫೋಟೊ.

ಇನ್ನೊಂದು ಚಿಕ್ಕ ನಿಯಮ: ಅರ್ಜಿ ಹಾಕುವ ರಾಜ್ಯದಲ್ಲಿ ಕನಿಷ್ಠ ಮೂರು ತಿಂಗಳು ವಾಸ ಇದ್ದಿರಬೇಕು. ಕಳೆದ ತಿಂಗಳು ಟೆಕ್ಸಸ್‌ಗೆ ಮನೆ ಬದಲಾಯಿಸಿದ್ದರೆ ಕಾಯಿರಿ.

ಹಂತ 5: ಎರಡು ವರ್ಷದ ಕಾರ್ಡ್ ಇದ್ದರೆ ಐ-751 ಮರೆಯಬೇಡಿ

ಅಮೆರಿಕಕ್ಕೆ ಬಂದಿಳಿದ ದಿನಕ್ಕೆ, ಅಥವಾ ಇಲ್ಲೇ ಕಾರ್ಡ್ ಮಂಜೂರಾದ ದಿನಕ್ಕೆ, ಮದುವೆಯಾಗಿ ಎರಡು ವರ್ಷ ಆಗಿರದಿದ್ದರೆ ಸಿಗುವುದು ಎರಡೇ ವರ್ಷದ ಕಂಡಿಷನಲ್ ಕಾರ್ಡ್. ಅದರ ಅವಧಿ ಮುಗಿಯುವ ಮೊದಲಿನ 90 ದಿನದೊಳಗೆ ಗಂಡ ಹೆಂಡತಿ ಸೇರಿ ಐ-751, ಅಂದರೆ ಕಾರ್ಡಿನ ಆ ಷರತ್ತು ತೆಗೆಸುವ ಅರ್ಜಿ, ಹಾಕಬೇಕು. ಸಿಟಿಜನ್‌ಶಿಪ್‌ಗೆ ಹೇಗೂ ಒಂದು ವರ್ಷದಲ್ಲಿ ಹಾಕುತ್ತೇವಲ್ಲ, ಇದು ಯಾಕೆ ಅಂತ ಬಿಟ್ಟವರಿದ್ದಾರೆ. ಬಿಟ್ಟರೆ ಗ್ರೀನ್ ಕಾರ್ಡೇ ಹೋಗುತ್ತದೆ, ಆಮೇಲೆ ಸಿಟಿಜನ್‌ಶಿಪ್ ಎಲ್ಲಿಂದ ಬರಬೇಕು?

ಐ-751 ಹಾಕಿದರೆ ಬರುವ ರಸೀದಿ ಪತ್ರ ಹಳೆ ಕಾರ್ಡನ್ನು 48 ತಿಂಗಳು ವಿಸ್ತರಿಸುತ್ತದೆ. 2023ರಿಂದ ಹೀಗಿದೆ. ಆ ಪತ್ರವನ್ನು ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ, ಪ್ರಯಾಣಕ್ಕೂ ಅದೇ ಬೇಕು. ಐ-751 ತೀರ್ಮಾನ ಬರಲು ಬಹಳ ದಿನ ಹಿಡಿಯುವುದರಿಂದ, ಅದು ಬಾಕಿ ಇರುವಾಗಲೇ ನಿಮ್ಮ ಮೂರು ವರ್ಷ ತುಂಬಿಬಿಡಬಹುದು. ಆಗ ಕಾಯಬೇಕಿಲ್ಲ, ಎನ್-400, ಅಂದರೆ ಸಿಟಿಜನ್‌ಶಿಪ್ ಅರ್ಜಿ, ಹಾಕಬಹುದು. ಆದರೆ ಐ-751 ಮಂಜೂರಾಗದೆ ಎನ್-400 ಮಂಜೂರಾಗುವುದಿಲ್ಲ. ಎಷ್ಟೋ ಸಲ ಒಂದೇ ಇಂಟರ್ವ್ಯೂನಲ್ಲಿ ಎರಡನ್ನೂ ಮುಗಿಸುತ್ತಾರೆ. ಅಂದು ಗಂಡನನ್ನೂ ಕರೆದುಕೊಂಡು ಹೋಗಿ.

ಹಂತ 6: ಸಂಸಾರದಲ್ಲಿ ಬಿರುಕು ಬಿಟ್ಟಿದ್ದರೆ

ಇದನ್ನು ಕೂಟದ ಊಟದಲ್ಲಿ ಯಾರೂ ಕೇಳುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಮೆಸೇಜ್ ಮಾಡಿ ಕೇಳುತ್ತಾರೆ.

ಮೂರು ವರ್ಷದ ನಿಯಮದಲ್ಲಿ ಅರ್ಜಿ ಹಾಕಿ, ಪ್ರಮಾಣವಚನಕ್ಕೆ ಮೊದಲೇ ಡೈವೋರ್ಸ್ ಆದರೆ ಆ ರಿಯಾಯಿತಿ ಹೋಗುತ್ತದೆ. ಗಂಡ ತೀರಿಕೊಂಡರೂ ಹಾಗೇ, ಕೇಳಲು ಕಷ್ಟ ಆದರೂ ನಿಯಮ ಅದು. ಗ್ರೀನ್ ಕಾರ್ಡ್ ಮಾತ್ರ ತಾನಾಗಿಯೇ ಹೋಗುವುದಿಲ್ಲ. ಐದು ವರ್ಷ ತುಂಬಿದ ಮೇಲೆ ನಿಮ್ಮ ಹೆಸರಿನ ಮೇಲೇ ಹಾಕಬಹುದು. ಎರಡು ವರ್ಷದ ಕಾರ್ಡ್ ಇರುವವರು ಡೈವೋರ್ಸ್ ಆಗಿದ್ದರೂ, ಮದುವೆ ನಿಜವಾದದ್ದೇ ಆಗಿತ್ತು ಅಂತ ತೋರಿಸಿ, ಗಂಡನ ಸಹಿ ಇಲ್ಲದೆ ಐ-751 ಹಾಕುವ ದಾರಿ ಇದೆ.

ಹೊಡೆತ, ಬೈಗುಳ, ಬೆದರಿಕೆ ಇರುವ ಮನೆಯವರಿಗೆ ಒಂದು ಮಾತು. ಹಿಂಸೆ ಕೊಟ್ಟ ಸಿಟಿಜನ್ ಗಂಡನ ಕಾರಣಕ್ಕೆ, ಆ ಹಿಂಸೆಗಾಗಿಯೇ ಇರುವ ಕಾನೂನಿನ ಮೂಲಕ ಗ್ರೀನ್ ಕಾರ್ಡ್ ಪಡೆದವರು, ಅವನ ಜೊತೆ ಮೂರು ವರ್ಷ ಬದುಕಿರಲೇಬೇಕು ಅಂತಿಲ್ಲ. ಅವರಿಗೂ ಮೂರು ವರ್ಷದ ನಿಯಮ ಸಿಗುತ್ತದೆ. "ಸಿಟಿಜನ್‌ಶಿಪ್ ಬರೋವರೆಗೂ ಸಹಿಸಿಕೋ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಇಮಿಗ್ರೇಷನ್ ವಕೀಲರೊಬ್ಬರ ಹತ್ತಿರ ಹೋಗಿ. ಇದು ಸ್ವಂತ ಅರ್ಜಿ ತುಂಬುವ ಕೇಸಲ್ಲ.

ಹೊಡೆದಾಟವೇನೂ ಇಲ್ಲ, ಬೇರೆ ಮನೆಯಲ್ಲಿದ್ದೇವೆ, ಏನಾಗುತ್ತದೋ ಗೊತ್ತಿಲ್ಲ ಅನ್ನುವವರು ಐದು ವರ್ಷಕ್ಕೆ ಕಾಯಿರಿ. ಒಟ್ಟಿಗಿದ್ದೇವೆ ಅಂತ ಸುಳ್ಳು ಬರೆದರೆ ಮುಂದೆ ಸಿಕ್ಕ ಸಿಟಿಜನ್‌ಶಿಪ್ ಕೂಡ ಕಿತ್ತುಕೊಳ್ಳಬಹುದು.

ಹಂತ 7: ಕಾಗದಪತ್ರ

ಗ್ರೀನ್ ಕಾರ್ಡ್ ಎರಡೂ ಬದಿ, ಮದುವೆ ಸರ್ಟಿಫಿಕೇಟ್, ಗಂಡನ ಸಿಟಿಜನ್‌ಶಿಪ್ ಪುರಾವೆ. ಯಾರಿಗಾದರೂ ಹಿಂದೆ ಮದುವೆ ಆಗಿದ್ದರೆ ಅದರ ಡೈವೋರ್ಸ್ ಆದೇಶ. ಮೂರು ವರ್ಷದ ಟ್ಯಾಕ್ಸ್ ಟ್ರಾನ್ಸ್‌ಕ್ರಿಪ್ಟ್, ಇದನ್ನು ತೆರಿಗೆ ಇಲಾಖೆ ಐಆರ್‌ಎಸ್ ಸೈಟಿನಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಒಟ್ಟಿಗೆ ಬದುಕಿದ್ದಕ್ಕೆ ಬಾಡಿಗೆ ಕರಾರು ಅಥವಾ ಮನೆ ಸಾಲದ ಪತ್ರ, ಜಂಟಿ ಬ್ಯಾಂಕ್ ಖಾತೆ, ವಿಮೆ, ಮಕ್ಕಳ ಜನನ ಪ್ರಮಾಣಪತ್ರ. ಮದುವೆ ಆಲ್ಬಮ್ ಹೊತ್ತುಕೊಂಡು ಹೋಗಬೇಡಿ. ಮೂರು ವರ್ಷದಲ್ಲಿ ಚದುರಿದ ಹತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಅದಕ್ಕಿಂತ ಜಾಸ್ತಿ ಮಾತಾಡುತ್ತವೆ.

ಮದುವೆ ಸರ್ಟಿಫಿಕೇಟ್ ಅಂದರೆ ಸಬ್ ರಿಜಿಸ್ಟ್ರಾರ್ ಆಫೀಸಿನದು. ದೇವಸ್ಥಾನದ ರಸೀದಿ, ಕಲ್ಯಾಣ ಮಂಟಪದ ಪತ್ರ ನಡೆಯಲ್ಲ. ಕನ್ನಡದಲ್ಲಿ ಮಾತ್ರ ಇರುವ ಕಾಗದಕ್ಕೆ ಇಂಗ್ಲಿಷ್ ಅನುವಾದ ಬೇಕು. ಎರಡೂ ಭಾಷೆ ಚೆನ್ನಾಗಿ ಬಲ್ಲವರು ಅನುವಾದ ಮಾಡಿ, "ಇದು ಪೂರ್ತಿ ಮತ್ತು ಸರಿಯಾದ ಅನುವಾದ" ಅಂತ ಬರೆದು ಸಹಿ ಹಾಕಿಕೊಡಬೇಕು. ಅದನ್ನು ನೀವೇ ಮಾಡಿಕೊಳ್ಳಬೇಡಿ.

ಹೆಸರಿನ ರಗಳೆ ನಮ್ಮವರಿಗೆ ತಪ್ಪಿದ್ದಲ್ಲ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಬಿಚ್ಚಿಕೊಂಡಿರುತ್ತದೆ, ಮದುವೆ ಕಾಗದದಲ್ಲಿ ಗಂಡನ ಹೆಸರು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ಕಾರ್ಡಿನಲ್ಲಿ "ಎಫ್‌ಎನ್‌ಯು" (ಮೊದಲ ಹೆಸರು ಗೊತ್ತಿಲ್ಲ ಅನ್ನುವುದರ ಚಿಕ್ಕರೂಪ) ಅಂತ ಅಚ್ಚಾಗಿ, ಡಾಕ್ಟರ ಕ್ಲಿನಿಕ್‌ನಲ್ಲಿ "ಫ್ನೂ" ಅಂತ ಕೂಗಿಸಿಕೊಂಡವರನ್ನು ನಾನೇ ಕಂಡಿದ್ದೇನೆ. ಬಳಸಿದ ಎಲ್ಲ ಹೆಸರುಗಳನ್ನೂ ಅರ್ಜಿಯಲ್ಲಿ ಬರೆಯಿರಿ. ಹೆಸರು ಸರಿಮಾಡಿಕೊಳ್ಳಲು ಇದೇ ಒಳ್ಳೆ ಸಮಯ. ಎನ್-400ರಲ್ಲೇ ಹೆಸರು ಬದಲಾವಣೆ ಕೇಳಬಹುದು, ಆದರೆ ಆಗ ಪ್ರಮಾಣವಚನ ಕೋರ್ಟಿನಲ್ಲಿ ಆಗಬೇಕು, ದಿನ ಸ್ವಲ್ಪ ಮುಂದೆ ಹೋಗಬಹುದು.

ಹಂತ 8: ಅರ್ಜಿ ತುಂಬುವಾಗ

ಎನ್-400 ಆನ್‌ಲೈನ್ ಹಾಕಿದರೆ 710 ಡಾಲರ್, ಕಾಗದದಲ್ಲಾದರೆ 760. 2024ರ ಏಪ್ರಿಲ್ 1ರಿಂದ ಬಂದ ದರ ಇದು. ಆದಾಯ ಕಡಿಮೆ ಇರುವ ಮನೆಗೆ 380 ಡಾಲರ್ ದರ ಇದೆ, ತೀರಾ ಕಷ್ಟದಲ್ಲಿದ್ದರೆ ಪೂರ್ತಿ ಮಾಫಿ ಕೇಳಬಹುದು. ಹಣ ಕಟ್ಟುವ ದಿನ ಯುಎಸ್‌ಸಿಐಎಸ್ ಸೈಟಿನಲ್ಲಿ ಒಮ್ಮೆ ನೋಡಿಕೊಳ್ಳಿ. ಯಾವ ಆಧಾರದ ಮೇಲೆ ಅಂತ ಕೇಳುವಲ್ಲಿ ಮೂರು ವರ್ಷದವರು ಸಿಟಿಜನ್‌ನ ಸಂಗಾತಿ ಅನ್ನುವ ಆಯ್ಕೆ ಒತ್ತಿ, ಅಭ್ಯಾಸಬಲದಿಂದ ಐದು ವರ್ಷದ್ದನ್ನು ಒತ್ತಬೇಡಿ.

"ನೀವು ಎಂದಾದರೂ..." ಅಂತ ಶುರುವಾಗುವ ಪ್ರಶ್ನೆಗಳ ಪಟ್ಟಿ ಉದ್ದ ಇದೆ. ಎಲ್ಲಕ್ಕೂ "ಇಲ್ಲ" ಅಂತ ಒತ್ತಿಕೊಂಡು ಹೋಗಬೇಡಿ, ಓದಿ. ನಮ್ಮವರಿಗೆ ಇಲ್ಲಿ ಎರಡು ಗುಂಡಿಗಳಿವೆ. ಒಂದು, ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ "ಮತದಾರರ ಪಟ್ಟಿಗೆ ಸೇರಿಸಲಾ?" ಅಂತ ಕೇಳುತ್ತಾರೆ. ಊರಲ್ಲಿ ವೋಟರ್ ಐಡಿ ಇದ್ದವರು ಒಳ್ಳೆ ಕೆಲಸ ಅಂತ "ಹೌದು" ಅಂದುಬಿಡುತ್ತಾರೆ. ಸಿಟಿಜನ್ ಅಲ್ಲದವರು ಅದನ್ನು ಒತ್ತಿದರೆ ದೊಡ್ಡ ತಾಪತ್ರಯ. ಎರಡು, ಗಾಂಜಾ. ನಿಮ್ಮ ರಾಜ್ಯದಲ್ಲಿ ಅಂಗಡಿಯಲ್ಲೇ ಮಾರಬಹುದು, ಆದರೆ ಫೆಡರಲ್ ಕಾನೂನಿನಲ್ಲಿ ಇಂದಿಗೂ ಅಪರಾಧ, ಸಿಟಿಜನ್‌ಶಿಪ್ ಅರ್ಜಿ ಫೆಡರಲ್. ಇಂಥ ಏನಾದರೂ ಇದ್ದರೆ, ಪೊಲೀಸರು ಒಮ್ಮೆಯಾದರೂ ಬಂಧಿಸಿದ್ದರೆ, ಅರ್ಜಿಗೆ ಮೊದಲು ವಕೀಲರನ್ನು ಕಾಣಿ.

ಹಂತ 9: ಇಂಟರ್ವ್ಯೂ

ಅರ್ಜಿ ಹೋದ ಮೇಲೆ ಬೆರಳಚ್ಚಿಗೆ ಕರೆಯುತ್ತಾರೆ, ಹಳೆಯದನ್ನೇ ಬಳಸಿಕೊಂಡರೆ ಅದೂ ಇಲ್ಲ. ಆಮೇಲೆ ಇಂಟರ್ವ್ಯೂ.

ಪರೀಕ್ಷೆ ಈಗ ಬದಲಾಗಿದೆ. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ ಓದಿಕೊಳ್ಳಲು 128 ಪ್ರಶ್ನೆ. ಕೇಳುವುದು 20, ಸರಿ ಹೇಳಬೇಕಾದದ್ದು 12. ಹನ್ನೆರಡು ಸರಿಯಾದ ಕೂಡಲೇ ನಿಲ್ಲಿಸುತ್ತಾರೆ, ಒಂಬತ್ತು ತಪ್ಪಾದರೂ ನಿಲ್ಲಿಸುತ್ತಾರೆ. ನನ್ನ ಕಾಲದ್ದು ಹಳೆಯದು, ನೂರು ಪ್ರಶ್ನೆ, ಹತ್ತರಲ್ಲಿ ಆರು. ಅಕ್ಕಿ ತೊಳೆಯುತ್ತಾ, ಕಾರಿನಲ್ಲಿ ಹೋಗುತ್ತಾ ಕೇಳಿಸಿಕೊಂಡೇ ಬಾಯಿಪಾಠ ಆಯಿತು. ಎಸ್ಸೆಸ್ಸೆಲ್ಸಿಗೆ ಸಮಾಜ ವಿಜ್ಞಾನ ಉರು ಹೊಡೆದವರಿಗೆ ಇದು ಭಾರ ಅಲ್ಲ. ಫೇಲಾದರೆ 60ರಿಂದ 90 ದಿನದೊಳಗೆ ಇನ್ನೊಂದು ಅವಕಾಶ, ಅದೂ ಫೇಲಾದ ಭಾಗಕ್ಕೆ ಮಾತ್ರ.

ಇಂಗ್ಲಿಷ್ ಓದಲು ಮೂರು ವಾಕ್ಯ ಕೊಡುತ್ತಾರೆ, ಒಂದು ಸರಿ ಓದಿದರೆ ಸಾಕು. ಬರೆಯಲೂ ಹಾಗೇ. ನಾನು ಟ್ಯಾಬ್ಲೆಟ್ ಮೇಲೆ ಕಡ್ಡಿಯಂಥ ಪೆನ್ನಿನಲ್ಲಿ ಬರೆದೆ, ಅಕ್ಷರ ಎಲ್ಲ ಸೊಟ್ಟ. ಅದಕ್ಕಲ್ಲ ಅಧಿಕಾರಿ ನನ್ನನ್ನು ತಡೆದದ್ದು. "ಎಂದಾದರೂ..." ಪ್ರಶ್ನೆಗಳಿಗೆ ನಾನು ನಮ್ಮ ರೂಢಿಯಂತೆ ತಲೆ ಅಲ್ಲಾಡಿಸುತ್ತಿದ್ದೆ. ಆಕೆ ಕೈಯೆತ್ತಿ ನಿಲ್ಲಿಸಿ, "ಬಾಯಲ್ಲಿ ಹೇಳಿ, ಹೌದಾ ಇಲ್ಲವಾ?" ಅಂದರು. ಪಾಪ, ಅವರಿಗೆ ಅದು ಹೌದೋ ಅಲ್ಲವೋ ಗೊತ್ತಾಗಿರಲಿಲ್ಲ. ಆ ಪ್ರಶ್ನೆಗಳ ಕಠಿಣ ಪದಗಳ ಅರ್ಥವನ್ನೂ ಕೇಳಬಹುದು. "ಓತ್" ಎಂದರೇನು, "ಜೆನೊಸೈಡ್" ಎಂದರೇನು ಅಂತ. ಸರಳ ಇಂಗ್ಲಿಷಿನಲ್ಲಿ ಒಂದು ಸಾಲು ಹೇಳಲು ತಯಾರಾಗಿ ಹೋಗಿ. ಅರ್ಜಿ ಹಾಕಿದ ಮೇಲೆ ಊರಿಗೆ ಹೋಗಿ ಬಂದಿದ್ದರೆ ಆ ತಾರೀಖುಗಳೂ ನೆನಪಿರಲಿ.

ಹಂತ 10: ಪ್ರಮಾಣವಚನ, ಆಮೇಲೆ ಭಾರತದ ಕಡೆಯ ಕೆಲಸ

ಪಾಸಾದ ಮಾತ್ರಕ್ಕೆ ಸಿಟಿಜನ್ ಅಲ್ಲ. ಪ್ರಮಾಣವಚನ ಆಗಬೇಕು. ಅಲ್ಲಿ ಬಾಗಿಲಲ್ಲೇ ಗ್ರೀನ್ ಕಾರ್ಡ್ ವಾಪಸ್ ತೆಗೆದುಕೊಳ್ಳುತ್ತಾರೆ. ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ, ಆಸನ ಬಿಟ್ಟು ಏಳುವ ಮುಂಚೆ, ಹೆಸರು ಮತ್ತು ಹುಟ್ಟಿದ ತಾರೀಖು ಓದಿ ನೋಡಿ. ನಂತರ ಸರಿಮಾಡಿಸುವುದು ಯಾತನೆ.

ಗ್ರೀನ್ ಕಾರ್ಡ್ ಇರುವ, ನಿಮ್ಮ ಜೊತೆ ಇಲ್ಲೇ ಇರುವ, 18 ತುಂಬದ ನಿಮ್ಮ ಮಗು, ಮೊದಲ ಮದುವೆಯದಾದರೂ ಸರಿ, ಅದು ನಿಮ್ಮ ಸುಪರ್ದಿಯಲ್ಲಿದ್ದರೆ ಸಾಮಾನ್ಯವಾಗಿ ಅಂದೇ ಸಿಟಿಜನ್ ಆಗುತ್ತದೆ. ಅದಕ್ಕೆ ಬೇರೆ ಎನ್-400 ಬೇಕಿಲ್ಲ.

ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಪ್ರಮಾಣವಚನ ಮುಗಿದ ಗಳಿಗೆಯಿಂದ ನೀವು ಭಾರತದ ಪೌರರಲ್ಲ. ನೀಲಿ ಪಾಸ್‌ಪೋರ್ಟಿನಲ್ಲಿ ಇನ್ನೂ ಏಳು ವರ್ಷ ಅವಧಿ ಇದ್ದರೂ ಅದರಲ್ಲಿ ಪ್ರಯಾಣ ಮಾಡುವಂತಿಲ್ಲ, ಮಾಡಿದರೆ ದಂಡ. ಮೊದಲು ಅಮೆರಿಕದ ಪಾಸ್‌ಪೋರ್ಟ್, ಆಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್, ಆಮೇಲೆ ಓಸಿಐ, ಅಂದರೆ ಭಾರತ ಮೂಲದ ವಿದೇಶಿ ಪೌರರಿಗೆ ಭಾರತ ಕೊಡುವ ಕಾರ್ಡ್. ಈ ಸಾಲು ಮುಗಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ತಂಗಿ ಮದುವೆ ಹತ್ತಿರ ಇಟ್ಟುಕೊಂಡು ಪ್ರಮಾಣವಚನಕ್ಕೆ ಹೋಗುವವರು ಇದನ್ನು ಮೊದಲೇ ಯೋಚಿಸಿ.

ಜಮೀನಿನ ವಿಷಯ ಕೊನೆಗೆ ಇಟ್ಟಿದ್ದೇನೆ, ಯಾಕೆಂದರೆ ಫೋನಿನಲ್ಲಿ ಅಪ್ಪಂದಿರು ಕೇಳುವುದು ಇದನ್ನೇ. ಓಸಿಐ ಇರುವವರು ಬೆಂಗಳೂರಿನಲ್ಲಿ ಫ್ಲ್ಯಾಟು, ಸೈಟು ಕೊಳ್ಳಬಹುದು. ಹೊಲ, ಕಾಫಿ ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಆದರೆ ಪಿತ್ರಾರ್ಜಿತವಾಗಿ ಬರುವ ಪಾಲು ಬರುತ್ತದೆ, ಸಿಟಿಜನ್ ಆದಳು ಅಂತ ಮಗಳ ಪಾಲು ಕಳೆದುಹೋಗುವುದಿಲ್ಲ. ಪಕ್ಕದ ಎರಡು ಎಕರೆ ಅಡಿಕೆ ತೋಟ ಮಗಳ ಹೆಸರಿಗೆ ಖರೀದಿ ಮಾಡುವ ಯೋಚನೆ ಮನೆಯಲ್ಲಿದ್ದರೆ, ಎನ್-400 ಹಾಕುವ ಮೊದಲೇ ಊರಿನ ವಕೀಲರ ಹತ್ತಿರ ಒಂದು ಮಾತು ಕೇಳಿಸಿ.